ಹೊಟ್ಟೆ ತುಂಬಿದ ಹನ್ನೊಂದು ಮಂದಿ

ಜಗತ್ತಿನ ನಂಬರ್ ಒನ್ ಕ್ರಿಕೆಟ್ ತಂಡದ ಎದುರಿಗೆ ಉಳಿದ ದೇಶಗಳ ಘಟಾನುಘಟಿಗಳನ್ನೆಲ್ಲ ಒಟ್ಟುಮಾಡಿ ಆಡಿಸಬೇಕೋ ಬೇಡವೋ ಎಂಬುದನ್ನು ದುಬೈಯಲ್ಲಿ ಕೂತ ಐಸಿಸಿಯವರು ತೀರ್ಮಾನ ಮಾಡುತ್ತಾರೆ ಅಂತ ನೀವು ನಂಬಿಕೊಂಡಿದ್ದರೆ, ನೀವಿನ್ನೂ ರಾತ್ರಿ ಹೊತ್ತು ಗುಂಡ್ಲುಪೇಟೆಯಲ್ಲಿ ಟೀ ಕುಡಿದವರಲ್ಲ. ರಾತ್ರಿ ಒಂಬತ್ತಕ್ಕೆ ಊಟಿ ಕಡೆಯ ಮೇಲುಕಾಮನಹಳ್ಳಿ ಗೇಟೂ ಕೇರಳದ ಕಡೆಯ ಮದ್ದೂರು ಗೇಟೂ ಬಿದ್ದವೆಂದರೆ ಬೆಳಗಿನ ಆರರವರೆಗೆ ಲಾರಿಗಳು ಬಂಡೀಪುರದ ಕಾಡಿಗೆ ನುಗ್ಗುವ ಹಾಗಿಲ್ಲ. ಆನೆಗೆ, ಹುಲಿಗೆ ರಾತ್ರಿಯಾದರೂ ನೆಮ್ಮದಿ ಇರಲಿ ಅಂತ 2009ರಲ್ಲಿ ಮಾಡಿದ ಏರ್ಪಾಡು ಅದು. ಆನೆಗೆ ನೆಮ್ಮದಿ ಸಿಕ್ಕಿತು. ಗುಂಡ್ಲುಪೇಟೆಯ ಟೀ ಅಂಗಡಿಗಳಿಗೆ ಹೋಯಿತು. ತೆರಕಣಾಂಬಿ ಮಾರುಕಟ್ಟೆಯ ತರಕಾರಿ ಹೇರಿಕೊಂಡ ಮಲಯಾಳಿ, ನಾಮಕ್ಕಲ್ ಲಾರಿಯ ತಮಿಳ, ಹಂಗಳದಿಂದ ಚೆಂಡುಹೂವಿನ ಮೂಟೆ ತಂದ ನಮ್ಮವನು, ಎಲ್ಲರೂ ಬೆಳಕು ಹರಿಯುವ ತನಕ ಒಂದೇ ಬೆಂಚಿನ ಮೇಲೆ. ರಾಜಕೀಯ ಮಾತಾಡಿದರೆ ಹೊಡೆದಾಟ, ಕಾವೇರಿ ನೀರು ಎತ್ತಿದರೆ ಅದಕ್ಕಿಂತ ದೊಡ್ಡ ಹೊಡೆದಾಟ. ಉಳಿದದ್ದು ಕ್ರಿಕೆಟ್ಟು.

ಅಲ್ಲಿ ಆಗಾಗ ಒಂದು ವಿಶ್ವ ಇಲೆವೆನ್ ತಯಾರಾಗುತ್ತದೆ. ತರಕಾರಿ ಬಿಲ್ಲಿನ ಹಿಂಬದಿಯೇ ಆಯ್ಕೆ ಪಟ್ಟಿ. ಮಲಯಾಳಿಗೆ ಸಂಜು ಸ್ಯಾಮ್ಸನ್ ಇರಲೇಬೇಕು, ಇಲ್ಲದಿದ್ದರೆ ಟೀ ದುಡ್ಡು ಕೊಡುವುದಿಲ್ಲ. ತಮಿಳನಿಗೆ ಧೋನಿಯೇ ಕ್ಯಾಪ್ಟನ್, ರಿಟೈರಾಗಿದ್ದಾರಪ್ಪಾ ಅಂದರೆ, "ಅದು ನೀವು ಹೇಳೋದು, ಅವರು ಹೇಳಿದ್ರಾ?" ಎಂದು ಕೇಳುತ್ತಾನೆ. ನಮ್ಮ ನಿವೃತ್ತ ಪಿ.ಟಿ. ಮೇಷ್ಟ್ರು ಮಂಕಿ ಕ್ಯಾಪಿನೊಳಗಿಂದಲೇ, "ವಿಶಿ ಇಲ್ದೆ ಅದೆಂಥ ವಿಶ್ವ ಕಣಯ್ಯಾ" ಅನ್ನುತ್ತಾರೆ. ಭದ್ರಾವತಿಯ ಜಿ.ಆರ್. ವಿಶ್ವನಾಥ್ ಮೊದಲನೇ ಟೆಸ್ಟಿನಲ್ಲಿ ಸೊನ್ನೆ ಹೊಡೆದು, ಅದೇ ಟೆಸ್ಟಿನ ಎರಡನೇ ಇನಿಂಗ್ಸ್‌ನಲ್ಲಿ ಶತಕ ಹೊಡೆದದ್ದು 1969ರಲ್ಲಿ. ಮೇಷ್ಟ್ರ ಆಯ್ಕೆ ಸಮಿತಿ ಅಂದೇ ಸಭೆ ಮುಗಿಸಿದೆ, ಮತ್ತೆ ಸೇರಿಲ್ಲ.

ಇಂಥ ತಂಡ ಕಟ್ಟುವ ಸುಖಕ್ಕೆ ಮಿತಿಯೇ ಇಲ್ಲ. ನನ್ನ ತಕರಾರು ಕಟ್ಟುವುದರ ಮೇಲಲ್ಲ. ಕಟ್ಟಿದ ಮೇಲೆ ನಿಜವಾಗಿಯೂ ಆಡಿಸಿಬಿಡುತ್ತಾರಲ್ಲ, ಅದರ ಮೇಲೆ.

ಒಮ್ಮೆ ಆಡಿಸಿದರು ಕೂಡ. 2005ರ ಅಕ್ಟೋಬರ್. ಇಲ್ಲಿ ನವರಾತ್ರಿ; ಮೈಸೂರಿಗೆ ದಸರಾ ನೋಡಲು ಹೋಗಲಾರದವರು ಟಿವಿಯಲ್ಲಿ ಆನೆ ನೋಡುವ ಕಾಲ. ಅಲ್ಲಿ ಆಸ್ಟ್ರೇಲಿಯಾದಲ್ಲಿ ಸೂಪರ್ ಸೀರೀಸ್ ಎಂಬ ಹೆಸರಿನಲ್ಲಿ ಆಸ್ಟ್ರೇಲಿಯಾಕ್ಕೂ ಐಸಿಸಿ ವಿಶ್ವ ಇಲೆವೆನ್‌ಗೂ ಮೂರು ಏಕದಿನ, ಒಂದು ಟೆಸ್ಟು. ವಿಶ್ವ ತಂಡದ ಪಟ್ಟಿ ಓದಿದರೆ ಇವತ್ತಿಗೂ ಮೈ ಜುಮ್ಮೆನ್ನುತ್ತದೆ. ಲಾರಾ, ಕಾಲಿಸ್, ಸೆಹ್ವಾಗ್, ಇಂಜಮಾಮ್, ಫ್ಲಿಂಟಾಫ್, ಮುರಳೀಧರನ್, ಏಕದಿನಕ್ಕೆ ಅಫ್ರಿದಿ, ಗೇಲ್, ಪೀಟರ್ಸನ್, ಸಂಗಕ್ಕಾರ. ಮೊಣಕೈ ನೋವಿಲ್ಲದಿದ್ದರೆ ತೆಂಡೂಲ್ಕರ್ ಕೂಡ ಇರುತ್ತಿದ್ದರು. ನಮ್ಮ ಪಾಲಿಗೆ ರಾಹುಲ್ ದ್ರಾವಿಡ್ ಏಕದಿನಕ್ಕೂ ಇದ್ದರು, ಟೆಸ್ಟಿಗೂ ಇದ್ದರು. ಕಾಗದದ ಮೇಲೆ ಈ ತಂಡವನ್ನು ಸೋಲಿಸಲು ದೇವರೇ ಇಳಿದು ಬರಬೇಕು ಅನ್ನುವ ಹಾಗಿತ್ತು.

ದೇವರು ಬರಲಿಲ್ಲ, ರಿಕಿ ಪಾಂಟಿಂಗ್ ಬಂದ. ಮೊದಲ ಏಕದಿನದಲ್ಲಿ ವಿಶ್ವಕ್ಕೆ 93 ರನ್ ಸೋಲು, ಎರಡನೆಯದರಲ್ಲಿ 55, ಮೂರನೆಯದರಲ್ಲಿ 156. ಹೋಗಲಿ, ಟೆಸ್ಟಿನಲ್ಲಿ ನೋಡಿಕೊಳ್ಳೋಣ ಅಂದರೆ, ವಿಜಯದಶಮಿ ಮುಗಿದ ಎರಡನೇ ದಿನ ಸಿಡ್ನಿಯಲ್ಲಿ ಶುರುವಾದ ಆ ಟೆಸ್ಟಿಗೆ ಆರು ದಿನ ಕಾದಿರಿಸಿದ್ದರು. ಆರು! ಇಷ್ಟು ದೊಡ್ಡವರ ಜಗಳ ಐದು ದಿನದಲ್ಲಿ ಮುಗಿಯಲಿಕ್ಕಿಲ್ಲ ಎಂಬ ಲೆಕ್ಕಾಚಾರ. ನಾಲ್ಕನೇ ದಿನಕ್ಕೆ ಮುಗಿಯಿತು. ಆಸ್ಟ್ರೇಲಿಯಾ 345 ಮತ್ತು 199. ವಿಶ್ವ 190 ಮತ್ತು 144. ಅಂತರ 210 ರನ್. ಶೇನ್ ವಾರ್ನ್ ಮತ್ತು ಸ್ಟುವರ್ಟ್ ಮೆಕ್‌ಗಿಲ್ ಎಂಬ ಇಬ್ಬರು ಲೆಗ್ ಸ್ಪಿನ್ನರುಗಳೇ ಇಪ್ಪತ್ತರಲ್ಲಿ ಹದಿನೈದು ವಿಕೆಟ್ ಹಂಚಿಕೊಂಡರು. ಇಂಜಮಾಮ್ ಒಂದು ಮತ್ತು ಸೊನ್ನೆ. ನಮ್ಮ ದ್ರಾವಿಡ್ ಸೊನ್ನೆ ಮತ್ತು 23. ಸೆಹ್ವಾಗ್ ಒಬ್ಬ ಮೊದಲ ಇನಿಂಗ್ಸ್‌ನಲ್ಲಿ 76 ಬಾರಿಸಿದ. ಸೆಹ್ವಾಗ್‌ಗೆ ತಾನು ಯಾರ ಪರವಾಗಿ ಆಡುತ್ತಿದ್ದೇನೆ, ಎದುರಿಗೆ ಯಾರಿದ್ದಾರೆ ಎಂಬುದು ಎಂದೂ ದೊಡ್ಡ ವಿಷಯವಾಗಿರಲಿಲ್ಲ ನೋಡಿ.

ಸೋತದ್ದಕ್ಕಲ್ಲ ನನ್ನ ಬೇಸರ. ಸೋತಾಗ ಯಾರಿಗೂ ಏನೂ ಅನ್ನಿಸದೇ ಹೋಯಿತಲ್ಲ ಎಂಬುದಕ್ಕೆ. ಭಾರತ ಸೋತರೆ ಚಾಮರಾಜನಗರದ ಬಸ್ ಸ್ಟ್ಯಾಂಡಿನಲ್ಲಿ ಅಪರಿಚಿತರು ಕೂಡ ಒಬ್ಬರ ಹೆಗಲ ಮೇಲೆ ಒಬ್ಬರು ಕೈ ಹಾಕಿ ಬೈಯುತ್ತಾರೆ. ಇಡೀ ಜಗತ್ತೇ ಸೋತ ದಿನ ಎಲ್ಲರೂ ಅವರವರ ಬಸ್ಸು ಹತ್ತಿ ಮನೆಗೆ ಹೋದರು. ನಾವೂ ಜಗತ್ತಿನಲ್ಲೇ ಇದ್ದೆವು. ನಾಲ್ಕಕ್ಕೆ ನಾಲ್ಕೂ ಸೋತಿದ್ದೆವು. ಒಬ್ಬನಾದರೂ ಊಟ ಬಿಟ್ಟನೇ? ಬೆಂಗಳೂರಿನವರಿಗೂ 2007ರ ಜೂನಿನಲ್ಲಿ ಇಂಥದ್ದೊಂದು ಯೋಗ ಬಂತು. ಚಿನ್ನಸ್ವಾಮಿ ಮೈದಾನದಲ್ಲಿ ಏಷ್ಯಾ ಇಲೆವೆನ್‌ಗೂ ಆಫ್ರಿಕಾ ಇಲೆವೆನ್‌ಗೂ ಪಂದ್ಯ, ಏಷ್ಯಾ ಗೆದ್ದಿತು. ಆ ಸರಣಿಯ ಮೂರನ್ನೂ ಗೆದ್ದಿತು. ಏಷ್ಯಾ ಗೆದ್ದಿತು ಅಂತ ಏಷ್ಯಾ ಖಂಡದಲ್ಲಿ ಯಾರಾದರೂ ಒಂದು ಆನೆಪಟಾಕಿ ಹಚ್ಚಿದ್ದು ನಿಮ್ಮ ಕಿವಿಗೆ ಬಿದ್ದಿದ್ದರೆ ದಯಮಾಡಿ ತಿಳಿಸಿ.

ಸಿಡ್ನಿಯ ಆ ವಿಶ್ವ ಟೆಸ್ಟಿನ ಇನ್ನೊಂದು ತಮಾಷೆಯಿದೆ, ಅದು ಲೆಕ್ಕದ ಪುಸ್ತಕದಲ್ಲಿದೆ. ಟೆಸ್ಟ್ ಅಂದರೆ ದೇಶ ದೇಶಗಳ ನಡುವಿನದು ಎಂದು ನೂರಿಪ್ಪತ್ತೈದು ವರ್ಷಕ್ಕೂ ಮೇಲೆ ಹೇಳಿಕೊಂಡು ಬಂದವರು ಈ ಒಂದು ಪಂದ್ಯಕ್ಕೆ ಅಧಿಕೃತ ಟೆಸ್ಟ್ ಎಂದು ಮೊಹರು ಒತ್ತಿಬಿಟ್ಟರು. ಅಂಕಿಅಂಶದ ಕೆಲವು ಪಂಡಿತರು ಒಪ್ಪಲಿಲ್ಲ. ಬಿಲ್ ಫ್ರಿಂಡಾಲ್ ಎಂಬ ಬಿಬಿಸಿಯ ಗಡ್ಡದ ಲೆಕ್ಕಿಗರು ಅದನ್ನು ತಮ್ಮ ಪುಸ್ತಕಕ್ಕೆ ಸೇರಿಸಲು ನಿರಾಕರಿಸಿದರು. ಆದರೆ ಐಸಿಸಿ ಮೊಹರು ಮೊಹರೇ. ಹಾಗಾಗಿ ಮುರಳೀಧರನ್ ಅವರ ಜಗತ್ಪ್ರಸಿದ್ಧ 800 ವಿಕೆಟ್‌ಗಳಿವೆಯಲ್ಲ, ಅದರಲ್ಲಿ ಐದು ಈ ಪಂದ್ಯದವು. ಶ್ರೀಲಂಕಾಕ್ಕಾಗಿ ತೆಗೆದದ್ದು 795. ಗಾಲ್‌ನಲ್ಲಿ ಕೊನೆಯ ಟೆಸ್ಟಿನ ಕೊನೆಯ ಚೆಂಡಿಗೆ ಎಂಟುನೂರು ಮುಟ್ಟಿದಾಗ ಅವರ ಜತೆ ನಾವೂ ಕುಣಿದೆವಲ್ಲ, ಆ ಕುಣಿತಕ್ಕೆ ಸಿಡ್ನಿಯ ಈ ಅನಾಥ ಪಂದ್ಯವೂ ಪಾಲುದಾರ. ವಾರ್ನ್‌ನ 708ರಲ್ಲಿ ಆರು ಇಲ್ಲಿಯವು. ದ್ರಾವಿಡ್ ಅವರ 13,288 ಟೆಸ್ಟ್ ರನ್ನುಗಳಲ್ಲಿ ಭಾರತಕ್ಕೆ ಸೇರಿದ್ದು 13,265. ಉಳಿದ ಇಪ್ಪತ್ತಮೂರು ಯಾರಿಗೆ ಸೇರಬೇಕು ಹೇಳಿ? ಯಾವ ಧ್ವಜದ ಕೆಳಗಿನವು? ನಮ್ಮ ಮೇಷ್ಟ್ರು ಅದನ್ನು ಕರ್ನಾಟಕದ ಖಾತೆಗೆ ಜಮಾ ಮಾಡಿ ಅನ್ನುತ್ತಾರೆ. ಅವರ ಬಳಿ ಎಲ್ಲದಕ್ಕೂ ಒಂದೇ ಖಾತೆ.

ಇದಕ್ಕೆ ಉಲ್ಟಾ, ಇಂಗ್ಲೆಂಡಿನ ಅಲನ್ ಜೋನ್ಸ್ ಎಂಬ ಪುಣ್ಯಾತ್ಮನ ಕತೆ ಕೇಳಿ. 1970ರಲ್ಲಿ ದಕ್ಷಿಣ ಆಫ್ರಿಕಾದ ವರ್ಣಭೇದ ನೀತಿಯ ಕಾರಣಕ್ಕೆ ಆ ದೇಶದ ತಂಡದ ಇಂಗ್ಲೆಂಡ್ ಪ್ರವಾಸ ರದ್ದಾಯಿತು. ಬೇಸಿಗೆ ಖಾಲಿ ಬಿಡುವುದು ಹೇಗೆ ಅಂತ ಗ್ಯಾರಿ ಸೋಬರ್ಸ್ ನಾಯಕತ್ವದಲ್ಲಿ ವಿಶ್ವ ತಂಡವೊಂದನ್ನು ಕರೆಸಿ ಐದು ಪಂದ್ಯ ಆಡಿಸಿದರು. ಅವೂ ಟೆಸ್ಟುಗಳೇ ಎಂದು ಮೊದಲು ಡಂಗುರ ಹೊಡೆದರು. ಗ್ಲಮೋರ್ಗನ್ ಕೌಂಟಿಯ ಜೋನ್ಸ್ ಲಾರ್ಡ್ಸ್‌ನಲ್ಲಿ ಇಂಗ್ಲೆಂಡ್ ಪರ ಆರಂಭಕ್ಕಿಳಿದ. ಐದು ರನ್, ಎರಡನೇ ಸಲ ಸೊನ್ನೆ. ಮತ್ತೆ ಕರೆ ಬರಲಿಲ್ಲ. ಆಮೇಲೆ ಅವು ಟೆಸ್ಟುಗಳೇ ಅಲ್ಲ ಎಂದು ತೀರ್ಮಾನವಾಯಿತು. ಹಾಕಿಕೊಂಡಿದ್ದ ಟೋಪಿ ತಲೆಯ ಮೇಲಿದ್ದ ಹಾಗೇ ಸುಳ್ಳಾಯಿತು! ಐವತ್ತು ವರ್ಷ ಕಳೆದ ಮೇಲೆ, 2020ರಲ್ಲಿ, ಇಂಗ್ಲೆಂಡ್ ಮಂಡಳಿಗೆ ಕರುಣೆ ಬಂದು 696ನೇ ನಂಬರಿನ ಟೋಪಿ ಕೊಟ್ಟಿತು. ಆಗ ಆತನಿಗೆ ಎಂಬತ್ತು ದಾಟಿತ್ತು. ನಮ್ಮ ತಾಲ್ಲೂಕು ಕಚೇರಿಯಲ್ಲಿ ಪಹಣಿ ತಿದ್ದುಪಡಿಗೆ ಅರ್ಜಿ ಕೊಟ್ಟವರು ಈ ಸುದ್ದಿ ಓದಿ ಬಹಳ ಸಮಾಧಾನಪಟ್ಟುಕೊಂಡರು.

ಈಗ ಊರಿನ ವಿಷಯಕ್ಕೆ ಬರುತ್ತೇನೆ. ಗುಂಡ್ಲುಪೇಟೆಯಲ್ಲಿರುವ ನನ್ನ ಭಾವಮೈದ ಟೆನಿಸ್ ಬಾಲ್ ಟೂರ್ನಮೆಂಟುಗಳ ದೊಡ್ಡ ಸಂಘಟಕ. ಶಾಮಿಯಾನ, ಮೈಕು, ಎಂಟ್ರಿ ಫೀಜು, ಮನುಷ್ಯನೆತ್ತರದ ಟ್ರೋಫಿ, ಫ್ಲೆಕ್ಸಿನ ಮೇಲೆ ಇಪ್ಪತ್ತು ಜನರ ಕೈಮುಗಿದ ಫೋಟೊ, ಮೂಲೆಯಲ್ಲಿ ಸಣ್ಣದಾಗಿ ಬ್ಯಾಟು. ಒಂದು ಸಲ ತೆರಕಣಾಂಬಿ ಕಡೆಯ ಹಳ್ಳಿಯ ತಂಡವೊಂದು ಫೈನಲ್ ಗೆದ್ದಿತು. ಇವನಿಗೆ ಹುಮ್ಮಸ್ಸು ತಡೆಯಲಿಲ್ಲ. "ಭಾವ, ಗೆದ್ದೋರ ಮೇಲೆ ಇಡೀ ಜಿಲ್ಲೆ ಸ್ಟಾರ್ ಟೀಮ್ ಬುಡ್ತೀನಿ. ಜನ ಮರದ ಮೇಲೆ ಕೂತು ನೋಡ್ಬೇಕು, ಅಂಗೆ ಮಾಡ್ತೀನಿ" ಅಂದ. ಕೊಳ್ಳೇಗಾಲದಿಂದ ಇಬ್ಬರು, ಯಳಂದೂರಿನಿಂದ ಒಬ್ಬ, ಹನೂರಿನಿಂದ ಒಬ್ಬ ಎಡಗೈ ವೇಗಿ, ಚಾಮರಾಜನಗರ ಪಟ್ಟಣದಿಂದ ಮೂವರು, ಉಳಿದವರು ಗುಂಡ್ಲುಪೇಟೆ. ಎಲ್ಲರೂ ಅವರವರ ಊರಲ್ಲಿ ಹೀರೊಗಳು, ಒಂದೊಂದು ಊರಿನ ಗೋಡೆ ಮೇಲೆ ಒಬ್ಬೊಬ್ಬರ ಹೆಸರು ಸುಣ್ಣದಲ್ಲಿ ಬರೆದಿರುವಂಥವರು.

ಭಾನುವಾರ ಬೆಳಿಗ್ಗೆ ಕಾಲೇಜು ಮೈದಾನ. ಹನ್ನೊಂದು ಜನರಲ್ಲಿ ಒಂಬತ್ತು ಜನ ಬ್ಯಾಟು ತಂದಿದ್ದರು, ಚೆಂಡು ಒಬ್ಬನೂ ತಂದಿರಲಿಲ್ಲ. ವಿಕೆಟ್ ಕೀಪರುಗಳು ಇಬ್ಬರಿದ್ದರು. "ನೀವು ನಿಂತ್ಕಳಿ ಅಣ್ಣಾ", "ಇಲ್ಲಿಲ್ಲ, ನೀವೇ ನಿಂತ್ಕಳಿ" ಎಂದು ಮದುವೆ ಮನೆಯ ಪಂಕ್ತಿಯ ಹಾಗೆ ಉಪಚಾರ ನಡೆದು ಕೊನೆಗೆ ಮೂರನೆಯವನೊಬ್ಬ ಗ್ಲೌಸು ತೊಟ್ಟ. ಮೂರನೇ ಕ್ರಮಾಂಕದಲ್ಲಿ ಆಡಲು ಐದು ಜನ, ಒಂಬತ್ತನೆಯದಕ್ಕೆ ಯಾರೂ ಇಲ್ಲ. ಫೀಲ್ಡಿಂಗಿಗೆ ಇಳಿದಾಗ ಮೈದಾನದ ಪಶ್ಚಿಮಕ್ಕೆ ಲಂಟಾನದ ಪೊದೆಯ ಹತ್ತಿರ ಬೌಂಡರಿಯಲ್ಲಿ ನಿಲ್ಲುವವರು ಬೇಕಲ್ಲ. ಎಲ್ಲರ ಕಣ್ಣೂ ನೆಲ ನೋಡಿತು. ಅಲ್ಲಿ ನಿಲ್ಲುವವರು ಅವರವರ ತಂಡದಲ್ಲಿ ಬೇರೆ ಯಾರೋ ಇರುತ್ತಾರೆ. ಹೆಸರು ಗೋಡೆ ಮೇಲೆ ಬರುವಂಥವರಲ್ಲ ಅವರು. ಮುಳ್ಳಿಗೆ ಕೈ ಹಾಕಿ ಚೆಂಡು ಹುಡುಕುವವರು, ಎರಡನೇ ರನ್ನಿಗೆ ಓಡಿ ಎಸೆಯುವವರು. ಅವರನ್ನು ಸ್ಟಾರ್ ತಂಡಕ್ಕೆ ಯಾರು ಕರೆಯುತ್ತಾರೆ?

ಎದುರಿನ ಹಳ್ಳಿಯವರು ಟ್ರ್ಯಾಕ್ಟರಿನಲ್ಲಿ ಬಂದರು. ಅಜ್ಜಿಯರು, ಮಕ್ಕಳು, ಒಂದು ಡೋಲು, ಒಂದು ಪಾತ್ರೆ ತುಂಬ ಚಿತ್ರಾನ್ನ. ಅವರ ಬೌಲರನ ಚಿಕ್ಕಪ್ಪ ಬೌಂಡರಿ ಗೆರೆಯ ಮೇಲೆ ಟವೆಲು ಹಾಸಿಕೊಂಡು ಕೂತು, ಪ್ರತಿ ವೈಡಿಗೂ ಹುಡುಗನ ಹುಟ್ಟನ್ನೇ ಪ್ರಶ್ನಿಸುತ್ತಿದ್ದರು. ಆ ಹುಡುಗ ಬೆವರೊರೆಸಿಕೊಂಡು ಮುಂದಿನ ಚೆಂಡು ಕಾಲಿನ ಬುಡಕ್ಕೇ ಹಾಕುತ್ತಿದ್ದ. ಅತ್ತ ಸ್ಟಾರ್ ತಂಡದ ಕವರ್‌ನಲ್ಲಿದ್ದವನೊಬ್ಬ ಸುಲಭದ ಕ್ಯಾಚು ಬಿಟ್ಟ. ಬಿಟ್ಟು ನಕ್ಕ. ಪಕ್ಕದವನೂ ನಕ್ಕ. ಬೌಲ್ ಮಾಡಿದವನು ಹನೂರಿನವನು, ಅವನೂ ಭುಜ ಕುಣಿಸಿ ನಕ್ಕ. ಮೇಷ್ಟ್ರು ನನ್ನ ಕಡೆ ತಿರುಗಿ, "ಮುಗೀತು ಏಳಿ, ಬಿಸಿಲು ಯಾಕೆ ಕಾಯ್ಬೇಕು" ಅಂದರು. ಅದು ಮೂರನೇ ಓವರು. ಹಳ್ಳಿಯವರು ಗೆದ್ದರು. ಎಷ್ಟರಿಂದ ಎಂಬುದನ್ನು ನನ್ನ ಭಾವಮೈದ ಇವತ್ತಿಗೂ ಬಾಯಿ ಬಿಡುವುದಿಲ್ಲ.

ಕ್ಯಾಚು ಬಿಟ್ಟವನು ನಕ್ಕದ್ದನ್ನು ನಾನು ತುಂಬ ದಿನ ತಲೆಯಲ್ಲಿಟ್ಟುಕೊಂಡು ಓಡಾಡಿದೆ. ಅವನೇ ತನ್ನ ಊರಿನ ತಂಡದಲ್ಲಿ ಅದೇ ಕ್ಯಾಚು ಬಿಟ್ಟಿದ್ದರೆ? ವರ್ಷವಿಡೀ ಕ್ಷೌರದಂಗಡಿಗೆ ಹೋಗುವ ಹಾಗಿರಲಿಲ್ಲ. ಮದುವೆ ಮಾತುಕತೆಯಲ್ಲೂ ಆ ಕ್ಯಾಚು ಬರುತ್ತಿತ್ತು. ಈ ತಂಡದಲ್ಲಿ ಅವನು ಗಳಿಸಬೇಕಾದ್ದೂ ಇರಲಿಲ್ಲ, ಕಳೆದುಕೊಳ್ಳಬೇಕಾದ್ದೂ ಇರಲಿಲ್ಲ. ಕರೆದದ್ದೇ ದೊಡ್ಡ ಮರ್ಯಾದೆ; ಆ ಮರ್ಯಾದೆ ಮೈದಾನಕ್ಕೆ ಇಳಿಯುವ ಮೊದಲೇ ಸಂದಾಯವಾಗಿತ್ತು.

ಸಿಡ್ನಿಯ ಕತೆಯೂ ಇಷ್ಟೇ ಅಂತ ನನ್ನ ಗುಮಾನಿ. ಅಲ್ಲಿ ಯಾರು ನಕ್ಕರೋ ಬಿಟ್ಟರೋ, ಹಸಿದವರು ಯಾರು ಎಂಬುದಂತೂ ಸ್ಪಷ್ಟವಾಗಿತ್ತು. ಅದಕ್ಕೆ ಒಂದು ತಿಂಗಳ ಹಿಂದಷ್ಟೇ ಆಸ್ಟ್ರೇಲಿಯಾ ಇಂಗ್ಲೆಂಡಿನಲ್ಲಿ ಆಷಸ್ ಸೋತು ಬಂದಿತ್ತು. 1989ರಿಂದ ಕಂಕುಳಲ್ಲಿಟ್ಟುಕೊಂಡಿದ್ದ ಆಷಸ್! ಮುದುಕರಾದರು, ಕಾಲ ಮುಗಿಯಿತು ಅಂತ ಅವರದೇ ಪತ್ರಿಕೆಗಳು ಬರೆದಿದ್ದವು. ಮ್ಯಾಥ್ಯೂ ಹೇಡನ್‌ಗೆ ತನ್ನ ಜಾಗ ಉಳಿಸಿಕೊಳ್ಳಬೇಕಾಗಿತ್ತು. ಆತ 111 ಮತ್ತು 77 ಹೊಡೆದ. ಅವರನ್ನು ಸೋಲಿಸಿದ್ದ ಫ್ಲಿಂಟಾಫ್, ಹಾರ್ಮಿಸನ್ ಇಬ್ಬರೂ ಈಗ ವಿಶ್ವದ ಕಡೆ ಇದ್ದರು. ಅದೇ ತೋಳು, ಅದೇ ಚೆಂಡು; ಇಂಗ್ಲೆಂಡಿನ ಜೆರ್ಸಿ ಮಾತ್ರ ಇರಲಿಲ್ಲ. ದ್ರಾವಿಡ್ ಅದೇ ತಿಂಗಳ ಕೊನೆಗೆ ಶ್ರೀಲಂಕಾ ವಿರುದ್ಧ ಭಾರತದ ನಾಯಕರಾಗಿ ಕಣಕ್ಕಿಳಿದರು, ಸರಣಿಯನ್ನು 6–1ರಿಂದ ಗೆದ್ದರು. ಎರಡು ವಾರದಲ್ಲಿ ಮನುಷ್ಯ ಬದಲಾಗಿಬಿಟ್ಟರೇ?

ಹಾಗಾದರೆ ಸ್ಟಾರ್ ತಂಡಗಳು ಯಾವಾಗಲೂ ಸೋಲುತ್ತವೆ ಅಂತ ಹೇಳಿ ಕೈತೊಳೆದುಕೊಳ್ಳೋಣ ಅಂದರೆ ಅದೂ ಆಗುವುದಿಲ್ಲ. 1970ರಲ್ಲಿ ಜೋನ್ಸ್‌ನ ಟೋಪಿ ಕಿತ್ತುಕೊಂಡ ಅದೇ ವಿಶ್ವ ತಂಡ ಇಂಗ್ಲೆಂಡನ್ನು 4–1ರಿಂದ ಹಣ್ಣು ಮಾಡಿತ್ತು. ನಮ್ಮ ಫಾರೂಕ್ ಎಂಜಿನಿಯರ್ ಆ ತಂಡದಲ್ಲಿದ್ದರು. ಆ ತಂಡದ ಎಲುಬು ಯಾರು ಗೊತ್ತೆ? ಗ್ರೇಮ್ ಪೊಲಾಕ್, ಬ್ಯಾರಿ ರಿಚರ್ಡ್ಸ್, ಮೈಕ್ ಪ್ರಾಕ್ಟರ್, ಎಡ್ಡಿ ಬಾರ್ಲೊ. ಎಲ್ಲ ದಕ್ಷಿಣ ಆಫ್ರಿಕಾದ ಬಿಳಿಯರು. ಅವರ ಸರ್ಕಾರದ ಪಾಪಕ್ಕೆ ಅವರ ದೇಶಕ್ಕೆ ಟೆಸ್ಟ್ ಬಾಗಿಲು ಮುಚ್ಚಿತ್ತು, ನ್ಯಾಯವಾಗಿಯೇ ಮುಚ್ಚಿತ್ತು. ಬ್ಯಾರಿ ರಿಚರ್ಡ್ಸ್ ಜೀವಮಾನದಲ್ಲಿ ಆಡಿದ್ದು ನಾಲ್ಕೇ ಟೆಸ್ಟು. ಅಂಥವನಿಗೆ ಲಾರ್ಡ್ಸ್‌ನಲ್ಲಿ ಇಳಿಯುವ ಅವಕಾಶ ಸಿಕ್ಕರೆ ಅದು ಪ್ರದರ್ಶನ ಪಂದ್ಯ ಅನ್ನಿಸುತ್ತದೆಯೆ? ಮುಂದಿನ ವರ್ಷ ಆಸ್ಟ್ರೇಲಿಯಾಕ್ಕೂ ಹೀಗೇ ಒಂದು ವಿಶ್ವ ತಂಡ ಹೋಯಿತು, ಗಾವಸ್ಕರ್, ಬೇಡಿ ಸಮೇತ. ಪರ್ತ್‌ನಲ್ಲಿ ಡೆನಿಸ್ ಲಿಲ್ಲಿ 29 ರನ್ನಿಗೆ ಎಂಟು ವಿಕೆಟ್ ಕಿತ್ತು ವಿಶ್ವವನ್ನು 59ಕ್ಕೆ ಉರುಳಿಸಿದ. ಮೆಲ್ಬರ್ನ್‌ನಲ್ಲಿ ಸೋಬರ್ಸ್‌ನನ್ನೇ ಸೊನ್ನೆಗೆ ಕಳಿಸಿದ. ಸೋಬರ್ಸ್‌ಗೆ ಉರಿಯಿತು. ಎರಡನೇ ಇನಿಂಗ್ಸ್‌ನಲ್ಲಿ 254! ಆಸ್ಟ್ರೇಲಿಯಾದಲ್ಲಿ ತಾನು ನೋಡಿದ ಅತ್ಯುತ್ತಮ ಇನಿಂಗ್ಸ್ ಇದೇ ಇರಬೇಕು ಎಂಬರ್ಥದಲ್ಲಿ ಬ್ರಾಡ್‌ಮನ್ ಹೊಗಳಿದರು. ಸರಣಿ 2–1, ವಿಶ್ವಕ್ಕೆ. ಉರಿಯಬೇಕು ಸ್ವಾಮಿ. ಒಬ್ಬನಿಗಾದರೂ ಉರಿಯಬೇಕು.

ನಮ್ಮ ದೇಶದಲ್ಲೇ ಇದಕ್ಕೊಂದು ಜಾಣ ಏರ್ಪಾಡಿದೆ, ನಾವು ಅದನ್ನು ಕಡೆಗಣಿಸಿ ಕೂತಿದ್ದೇವೆ. ಇರಾನಿ ಕಪ್. ರಣಜಿ ಟ್ರೋಫಿಗೆ ಇಪ್ಪತ್ತೈದು ವರ್ಷ ತುಂಬಿದ ನೆನಪಿಗೆ 1959–60ರ ಋತುವಿನಲ್ಲಿ ಶುರುವಾದದ್ದು. ಮಂಡಳಿಯ ಖಜಾಂಚಿಯಾಗಿದ್ದ, ಆಮೇಲೆ ಅಧ್ಯಕ್ಷರೂ ಆದ ಝಡ್.ಆರ್. ಇರಾನಿ ಅವರ ಹೆಸರು. ರಣಜಿ ಗೆದ್ದ ರಾಜ್ಯ ಒಂದು ಕಡೆ, ಶೇಷ ಭಾರತ ಇನ್ನೊಂದು ಕಡೆ. ಅಂದರೆ ದೇಶದ ನಂಬರ್ ಒನ್ ತಂಡಕ್ಕೂ ಉಳಿದವರಲ್ಲಿ ಆಯ್ದ ಘಟಾನುಘಟಿಗಳಿಗೂ ಪಂದ್ಯ. ಐಸಿಸಿ 2005ರಲ್ಲಿ ಹೊಸದಾಗಿ ಕಂಡುಹಿಡಿದಂತೆ ಕುಣಿದದ್ದನ್ನು ನಮ್ಮವರು ನಲವತ್ತೈದು ವರ್ಷದಿಂದ ಸದ್ದಿಲ್ಲದೆ ಆಡಿಸುತ್ತಿದ್ದರು. ಮತ್ತು ಇಲ್ಲಿ ಅತಿ ಹೆಚ್ಚು ಸಲ ಗೆದ್ದಿರುವುದು ಆ ಬೆರಕೆ ತಂಡವೇ, ಶೇಷ ಭಾರತವೇ!

ಅದು ಹೇಗೆ? ಶೇಷ ಭಾರತಕ್ಕೂ ಊರಿಲ್ಲ, ಡೋಲಿಲ್ಲ, ಟ್ರ್ಯಾಕ್ಟರಿಲ್ಲ. ಆದರೆ ಗ್ಯಾಲರಿಯಲ್ಲಿ ಆಯ್ಕೆಗಾರರು ಕೂತಿರುತ್ತಾರೆ. ಇಲ್ಲಿ ಆಡುವವನು ಭಾರತ ತಂಡದ ಬಾಗಿಲ ಹೊರಗೆ ಚಪ್ಪಲಿ ಬಿಟ್ಟು ನಿಂತವನು. 2016ರ ಮಾರ್ಚಿನಲ್ಲಿ ಮುಂಬೈ ಎದುರು ಶೇಷ ಭಾರತಕ್ಕೆ ಗೆಲ್ಲಲು ಬೇಕಾಗಿದ್ದದ್ದು 480. ಅದೂ ನಾಲ್ಕನೇ ಇನಿಂಗ್ಸ್‌ನಲ್ಲಿ. ಹೊಟ್ಟೆ ತುಂಬಿದವರಾಗಿದ್ದರೆ ಸಾಯಂಕಾಲದ ವಿಮಾನಕ್ಕೆ ಟಿಕೆಟ್ ಹುಡುಕುತ್ತಿದ್ದರು. ಇವರು ನಾಲ್ಕು ವಿಕೆಟ್ ಉಳಿಸಿಕೊಂಡು ಗೆದ್ದರು. ವಿದರ್ಭದ ಫೈಜ್ ಫಜಲ್ 127, ನಮ್ಮ ಕರುಣ್ ನಾಯರ್ 92, ನಮ್ಮ ಸ್ಟುವರ್ಟ್ ಬಿನ್ನಿ 54. ಅದೇ ಜೂನಿನಲ್ಲಿ ಜಿಂಬಾಬ್ವೆ ಪ್ರವಾಸದಲ್ಲಿ ಮೂವತ್ತರ ಫಜಲ್ ಭಾರತದ ಪರ ಏಕದಿನ ಆಡಿ ಅಜೇಯ 55 ಹೊಡೆದ. ಅದೇ ಮೊದಲು, ಅದೇ ಕೊನೆ. ಆದರೂ ಮನೆಯ ಗೋಡೆಗೆ ಒಂದು ಭಾರತದ ಟೋಪಿ ಬಂತಲ್ಲ. ಕರುಣ್ ಡಿಸೆಂಬರಿನಲ್ಲಿ ಚೆನ್ನೈಯಲ್ಲಿ ಇಂಗ್ಲೆಂಡ್ ಎದುರು ಅಜೇಯ 303 ಹೊಡೆದದ್ದು ನಿಮಗೆ ಗೊತ್ತೇ ಇದೆ.

ಹಸಿವು ಎರಡೂ ಕಡೆ ಇದ್ದರೆ ಏನಾಗುತ್ತದೆ ಎಂಬುದಕ್ಕೆ ನಮ್ಮದೇ ರಾಜ್ಯ ಸಾಕ್ಷಿ. 2014ರ ಫೆಬ್ರುವರಿ, ಚಿನ್ನಸ್ವಾಮಿ. ಹಿಂದಿನ ಡಿಸೆಂಬರಿನಲ್ಲಷ್ಟೇ ರಾಜ್ಯ ಕ್ರಿಕೆಟ್ ಸಂಸ್ಥೆಯ ಅಧ್ಯಕ್ಷರಾಗಿದ್ದ ಶ್ರೀಕಂಠದತ್ತ ನರಸಿಂಹರಾಜ ಒಡೆಯರ್ ತೀರಿಕೊಂಡಿದ್ದರು. ಆಮೇಲೆ ಕರ್ನಾಟಕ ರಣಜಿ ಗೆದ್ದಿತು, ಇರಾನಿಗೆ ಇಳಿಯಿತು. ಎದುರಿಗೆ ಹರಭಜನ್ ಸಿಂಗ್ ನಾಯಕತ್ವದ ಶೇಷ ಭಾರತ. ಮೊದಲ ದಿನವೇ ದಾವಣಗೆರೆಯ ವಿನಯ್ ಕುಮಾರ್ ಆರು ವಿಕೆಟ್ ತೆಗೆದು 201ಕ್ಕೆ ಮುಗಿಸಿದರು. ಕರ್ನಾಟಕ 606. ಶೇಷ ಭಾರತ ಮತ್ತೆ 183. ಇನಿಂಗ್ಸ್ ಮತ್ತು 222 ರನ್ ಗೆಲುವು. ಮುಂದಿನ ವರ್ಷ ಮತ್ತೆ ಅದೇ ಮೈದಾನ, ಮನೀಶ್ ಪಾಂಡೆ ಅಜೇಯ 123, ಮತ್ತೆ ಗೆಲುವು, 246 ರನ್ನುಗಳಿಂದ. ಎರಡೂ ಋತುವಿನಲ್ಲಿ ರಣಜಿ, ಇರಾನಿ, ವಿಜಯ್ ಹಜಾರೆ ಮೂರೂ ನಮ್ಮವೇ. ಮೇಷ್ಟ್ರು ಆ ಎರಡು ವರ್ಷ ಮಂಕಿ ಕ್ಯಾಪು ಹಾಕಿಕೊಳ್ಳಲಿಲ್ಲ. ಕಿವಿ ತುಂಬ ಮಾತು ಕೇಳಿಸಬೇಕಲ್ಲ.

"ಎಲ್ಲ ಸರಿ ಸಾ, ಮತ್ತೆ ಈಗ ನಂಬರ್ ಒನ್ ಆದೋರ್ನ ಸೋಲ್ಸೋದು ಎಂಗೆ?" ಎಂದು ಟೀ ಅಂಗಡಿಯ ಹುಡುಗ ಒಮ್ಮೆ ಕೇಳಿದ. ಬಲು ಸುಲಭ. ಗುಂಡ್ಲುಪೇಟೆಯಿಂದ ತೆರಕಣಾಂಬಿ ಮೇಲೆ ಸೀದಾ ಚಾಮರಾಜನಗರಕ್ಕೆ ಕರೆತನ್ನಿ. ಈ ಊರಿಗೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆಂಬ ಕೀರ್ತಿ ನಮ್ಮದು. 1997ರಲ್ಲಿ ಜಿಲ್ಲೆಯಾದಾಗ ಜೆ.ಎಚ್. ಪಟೇಲರು ಪಟ್ಟಣಕ್ಕೆ ಬಾರದೆ ಮಹದೇಶ್ವರ ಬೆಟ್ಟದಿಂದಲೇ ಉದ್ಘಾಟನೆ ಮುಗಿಸಿದರು ಎಂಬ ಮಾತೂ ಇದೆ. ಪಾಂಟಿಂಗ್‌ನನ್ನು ಸಿಡ್ನಿಯ ಬದಲು ನಮ್ಮ ಜಿಲ್ಲಾ ಕ್ರೀಡಾಂಗಣದಲ್ಲಿ ಇಳಿಸಿದ್ದರೆ ರ‍್ಯಾಂಕಿಂಗ್ ಪಟ್ಟಿ ಅವತ್ತೇ ತಿರುವುಮುರುವಾಗುತ್ತಿತ್ತು. ಆದರೆ ಸಿದ್ದರಾಮಯ್ಯನವರು ಮತ್ತೆ ಮತ್ತೆ ಬಂದು, 2013ರಿಂದ 2018ರವರೆಗೆ ಐದು ವರ್ಷವನ್ನೂ ಪೂರೈಸಿ ನಮ್ಮ ಈ ಏಕೈಕ ಅಸ್ತ್ರವನ್ನು ಮೊಂಡು ಮಾಡಿಬಿಟ್ಟರು. ಈಗ ಸ್ಪಿನ್ನರುಗಳನ್ನೇ ನಂಬಬೇಕು.

ಎಲ್ಲ ವಿಶ್ವ ತಂಡಗಳೂ ದಂಡ ಅಂತ ನಾನು ಹೇಳುವುದಿಲ್ಲ. 2005ರ ಜನವರಿಯಲ್ಲಿ ಸುನಾಮಿ ಸಂತ್ರಸ್ತರಿಗಾಗಿ ಮೆಲ್ಬರ್ನ್‌ನಲ್ಲಿ ಏಷ್ಯಾ ಮತ್ತು ವಿಶ್ವ ಆಡಿದವು. ಏಷ್ಯಾ ಸೋತಿತು, ನಮ್ಮ ದ್ರಾವಿಡ್ ಅಜೇಯ 75 ಹೊಡೆದರು, ಕುಂಬ್ಳೆಯೂ ಇದ್ದರು. ಅಲ್ಲಿ ಯಾರು ಸೋತರು ಎಂಬುದಕ್ಕಿಂತ ಹುಂಡಿ ತುಂಬಿತೇ ಎಂಬುದು ಮುಖ್ಯ. 2017ರಲ್ಲಿ ಫಾಫ್ ಡುಪ್ಲೆಸಿ ವಿಶ್ವ ತಂಡ ಕಟ್ಟಿಕೊಂಡು ಲಾಹೋರಿಗೆ ಹೋದ, 2–1ರಿಂದ ಸೋತ. ಲಂಕಾ ಆಟಗಾರರ ಮೇಲೆ ಗುಂಡು ಹಾರಿದ 2009ರಿಂದ ದೊಡ್ಡ ತಂಡಗಳು ಕಾಲಿಡಲು ಹೆದರುತ್ತಿದ್ದ ಊರಿನಲ್ಲಿ ಗ್ಯಾಲರಿ ತುಂಬಿತಲ್ಲ, ಅವರು ಹೋದದ್ದೇ ಅದಕ್ಕೆ. 2018ರಲ್ಲಿ ಲಾರ್ಡ್ಸ್‌ನಲ್ಲಿ ಕೆರಿಬಿಯನ್ ಚಂಡಮಾರುತದ ಪರಿಹಾರಕ್ಕೆ ಆಡಿದ್ದೂ ಹಾಗೇ. ಇಂಥ ಪಂದ್ಯಗಳಿಗೆ ನಾನೂ ಟಿಕೆಟ್ ಕೊಳ್ಳುತ್ತೇನೆ. ಯಾರು ದೊಡ್ಡವರು ಅಂತ ತೀರ್ಮಾನಿಸಲಿಕ್ಕೆ ಇವನ್ನು ಆಡಿಸಬೇಡಿ, ಅಷ್ಟೇ. ಅದು ಇದರಿಂದ ತೀರ್ಮಾನವಾಗುವುದಿಲ್ಲ. 2005ರ ನಂತರ ಐಸಿಸಿಯೂ ಆ ಸೂಪರ್ ಸೀರೀಸನ್ನು ಮತ್ತೆ ನಡೆಸಲಿಲ್ಲ. ನಮ್ಮ ಭಾವಮೈದನಿಗೆ ಬಂದಷ್ಟು ಬುದ್ಧಿ ಅವರಿಗೂ ಬಂದಿರಬೇಕು.

ಇನ್ನು ಓದುಗರಿಗೆ ಒಂದು ಮಾತು. ಇರಾನಿ ಪಂದ್ಯಕ್ಕೆ ಜನ ಬರುವುದಿಲ್ಲ. ಐಪಿಎಲ್ ಟಿಕೆಟ್ಟಿಗೆ ಚಿನ್ನಸ್ವಾಮಿಯ ಗೇಟಿನ ಮುಂದೆ ರಾತ್ರಿಯಿಡೀ ಮಲಗುವ ನಾವು ಇರಾನಿ ಸ್ಕೋರನ್ನು ಮರುದಿನದ ಪತ್ರಿಕೆಯ ಮೂಲೆಯಲ್ಲಿ ಹುಡುಕುತ್ತೇವೆ. ಕರ್ನಾಟಕ ಮತ್ತೆ ರಣಜಿ ಗೆದ್ದು ಬೆಂಗಳೂರಿನಲ್ಲಿ ಶೇಷ ಭಾರತವನ್ನು ಎದುರಿಸಿದರೆ, ಚಾಮರಾಜನಗರದವರು ಬೆಳಗಿನ ರೈಲು ಹತ್ತಿ. ಗುಂಡ್ಲುಪೇಟೆಯವರಿಗೆ ರೈಲಿಲ್ಲ, ನಂಜನಗೂಡು ಮೇಲೆ ಬಸ್ಸಿದೆ. ಸೀಟು ಆರಾಮಾಗಿ ಸಿಗುತ್ತದೆ.